ಹತ್ತನೇ ಕ್ಲಾಸು ಮುಗಿಯಿತು, ಮುಂದೇನು?

ನಿಮ್ಮನ್ನು ಒಂದು ಪ್ರಶ್ನೆ ಕೇಳಲೇ? ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಮಕ್ಕಳು ಈಗ ಯಾವ ಕ್ಲಾಸಿನಲ್ಲಿದ್ದಾರೆ? ಥಟ್ಟನೆ ಹೇಳಬಲ್ಲಿರಾ? ಆಕೆ ಕಾಫಿಗೆ ಎಷ್ಟು ಸಕ್ಕರೆ ಹಾಕಿಸಿಕೊಳ್ಳುತ್ತಾಳೆ, ಯಾವ ಹಬ್ಬಕ್ಕೆ ಎಷ್ಟು ಮುಂಗಡ ಕೇಳುತ್ತಾಳೆ, ತಿಂಗಳಿಗೆ ಎಷ್ಟು ದಿನ ಚಕ್ಕರ್ ಹಾಕುತ್ತಾಳೆ, ಇದೆಲ್ಲ ನಮಗೆ ಬಾಯಿಪಾಠ. ಮಕ್ಕಳ ಕ್ಲಾಸು ಮಾತ್ರ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಹೋದ ವರ್ಷದವರೆಗೆ ನಾನೂ ನಿಮ್ಮಲ್ಲೊಬ್ಬಳೇ ಆಗಿದ್ದೆ.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ತಾಲ್ಲೂಕು ಊರು. 2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಮಾರನೇ ದಿನ ಬೆಳಿಗ್ಗೆ ನಮ್ಮ ಕೆಲಸದಾಕೆ ಕಾಲು ಕೆಜಿ ಮೈಸೂರು ಪಾಕಿನ ಪೊಟ್ಟಣ ಹಿಡಿದುಕೊಂಡು ಬಂದಳು. "ಅಕ್ಕಾ, ಮಗಳು ಪಾಸಾದ್ಲು. ನಾನೂರ ಐವತ್ತೆರಡಂತೆ. ಅದು ಜಾಸ್ತೀನೋ ಕಮ್ಮೀನೋ ನಂಗೊತ್ತಿಲ್ಲ" ಎಂದಳು. 625ಕ್ಕೆ 452! ಆ ವರ್ಷ ಮೊದಲ ಪರೀಕ್ಷೆಯಲ್ಲಿ ಪಾಸಾದವರೇ ನೂರಕ್ಕೆ ಸುಮಾರು 62 ಮಂದಿ. ಒಂದು ಟ್ಯೂಷನ್ ಇಲ್ಲದೆ, ಒಂದೇ ಕೋಣೆಯ ಮನೆಯಲ್ಲಿ ಓದಿದ ಹುಡುಗಿ ಅಷ್ಟು ಅಂಕ ತೆಗೆದಿದ್ದಳು. ನನಗೆ ಸಂತೋಷವಾಯಿತು. "ಮುಂದೆ ಏನು ಓದಿಸ್ತೀಯ?" ಎಂದು ಕೇಳಿದೆ.

"ಓದ್ಸೋದೇನಕ್ಕ? ನೀವೇ ಹೇಳಿದ್ರಲ್ಲ, ಬೆಂಗಳೂರ್ನಾಗೆ ಮಗು ನೋಡ್ಕಳಾಕೆ ಹುಡ್ಗಿ ಬೇಕು ಅಂತ. ಊಟ ತಿಂಡಿ ಅಲ್ಲೇ, ಮೇಲೆ ಹನ್ನೆರಡು ಸಾವ್ರ ಅಂದಿದ್ರಿ. ಅವ್ರಪ್ಪನೂ ಒಪ್ಕಂಡವ್ನೆ."

ನನ್ನ ಕೈಯಲ್ಲಿದ್ದ ಮೈಸೂರು ಪಾಕು ಅಲ್ಲೇ ಉಳಿಯಿತು. ಹೌದು, ಹೇಳಿದ್ದು ನಾನೇ! ನನ್ನ ನಾದಿನಿಯ ಮಗಳಿಗೆ ಹೆರಿಗೆಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. "ನಿಮ್ಮ ಕಡೆ ಯಾರಾದರೂ ಒಳ್ಳೇ ಹುಡುಗಿ ಇದ್ದರೆ ನೋಡಿ ಅತ್ತೆ" ಎಂದು ಏಪ್ರಿಲ್‌ನಲ್ಲಿ ಫೋನ್ ಮಾಡಿದ್ದಳು. ಆ ಮಾತನ್ನು ನಾನು ಸೊಪ್ಪು ಬಿಡಿಸುತ್ತಾ ಈಕೆಯ ಮುಂದೆ ಆಡಿದ್ದೆ. ನಾನು ಮರೆತೂ ಬಿಟ್ಟಿದ್ದೆ. ಆಕೆ ಮರೆತಿರಲಿಲ್ಲ. ನಾಲ್ಕು ಮನೆ ಕೆಲಸ ಮಾಡಿ ತಿಂಗಳಿಗೆ ಆರು ಸಾವಿರ ಸಂಪಾದಿಸುವವಳಿಗೆ ಹನ್ನೆರಡು ಸಾವಿರವೆಂಬ ಮಾತು ಮರೆಯುವಂಥದ್ದೇ?

ನನಗೇ ಆದದ್ದು ನೆನಪಾಯಿತು

ಅಂದು ಮಧ್ಯಾಹ್ನ ಊಟ ಸೇರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು 1996ರಲ್ಲಿ. ಫಸ್ಟ್ ಕ್ಲಾಸು. ನಮ್ಮ ಮನೆಯಲ್ಲಿ ಊಟ ಬಟ್ಟೆಗೆ ಕೊರತೆಯಿರಲಿಲ್ಲ. ಆದರೂ "ಕಾಲೇಜಿಗೆ ಅಂತ ದಿನಾ ಬಸ್ ಹತ್ತಿಸೋರು ಯಾರು?" ಎಂಬ ಒಂದೇ ಮಾತಿನಲ್ಲಿ ನನ್ನ ಓದು ಮುಗಿಯಿತು. ಅಪ್ಪ ಕೆಟ್ಟವರೇನಲ್ಲ. ಮುಂದಿನ ದಾರಿ ಏನೆಂದು ಅವರಿಗೆ ಗೊತ್ತಿರಲಿಲ್ಲ, ತಿಳಿಸಿ ಹೇಳುವವರೂ ಇರಲಿಲ್ಲ. ಈಗ ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಇನ್ನೊಂದು ಹುಡುಗಿಯ ಓದು ನನ್ನ ಒಂದು ಮಾತಿನಿಂದಲೇ ನಿಲ್ಲುವುದರಲ್ಲಿತ್ತು.

ಇದಕ್ಕಿಂತ ದೊಡ್ಡ ಮುಳ್ಳು ಇನ್ನೊಂದು. ಆ ಹುಡುಗಿಗೆ ಒಬ್ಬ ಅಣ್ಣನಿದ್ದಾನೆ. ಅವನ ವಿಷಯದಲ್ಲೂ ನಾನು ಬುದ್ಧಿ ಹೇಳಿದ್ದೆ.

ಕೊರೊನಾ ಕಾಲ ನಿಮಗೆ ನೆನಪಿರಬೇಕು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಮ್ಮ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು. ಆ ಹುಡುಗನ ಮನೆಯಲ್ಲಿದ್ದದ್ದು ಬಟನ್ ಫೋನು. ಹತ್ತನೇ ಕ್ಲಾಸಿನ ಬಹುಪಾಲು ಅವನು ಅಪ್ಪನ ಜೊತೆ ಮಂಡಿಯಲ್ಲಿ ಕಳೆದ. 2021ರ ಜುಲೈನಲ್ಲಿ ಎರಡೇ ದಿನದಲ್ಲಿ ಆರು ವಿಷಯಗಳ ಪರೀಕ್ಷೆ, ಗುರುತು ಹಾಕುವ ಪ್ರಶ್ನೆಗಳು. ಬರೆದವರು ಹೆಚ್ಚುಕಡಿಮೆ ಎಲ್ಲರೂ ಪಾಸು. ಇವನಿಗೂ ಒಳ್ಳೆಯ ಅಂಕ ಬಂತು. ಆಗ ನಾನು ದೊಡ್ಡ ಮನಸ್ಸು ಮಾಡಿದವಳಂತೆ, "ಸೈನ್ಸ್ ತಗೋ ಮಗು, ನನ್ನ ಮಗನ ಹಳೇ ಪುಸ್ತಕ ಎಲ್ಲ ಇವೆ" ಎಂದೆ. ಪುಸ್ತಕಗಳನ್ನು ಒರೆಸಿ ಕೊಟ್ಟೂ ಬಿಟ್ಟೆ.

ಅವನು ಹತ್ತರವರೆಗೆ ಓದಿದ್ದು ಕನ್ನಡದಲ್ಲಿ. ನಮ್ಮೂರ ಕಾಲೇಜಿನಲ್ಲಿ ಸೈನ್ಸ್ ಪಾಠವೆಲ್ಲ ಇಂಗ್ಲಿಷಿನಲ್ಲಿ. ಒಂಬತ್ತು, ಹತ್ತರ ಗಣಿತ ಅವನ ಕೈಗೆ ಸರಿಯಾಗಿ ಸಿಕ್ಕೇ ಇರಲಿಲ್ಲ. ನನ್ನ ಮಗ ಎರಡು ಟ್ಯೂಷನ್ ಹಾಕಿಸಿಕೊಂಡು ದಾಟಿದ ಹೊಳೆಯನ್ನು ಈ ಹುಡುಗ ಬರಿಗಾಲಲ್ಲಿ ದಾಟಲಿ ಎಂದು ನಾನು ಹೇಳಿದಂತಾಯಿತು. ಮೊದಲನೇ ಪಿಯುಸಿಯಲ್ಲಿ ಫೇಲಾದ. ನಾಚಿಕೆಯಿಂದ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ. ಈಗ ತೋಟಗಳಲ್ಲಿ ಕಾಯಿ ಸುಲಿಯುತ್ತಾನೆ. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಮತ ತೆಗೆಯುವ ಕೆಲಸ. ಸಾವಿರ ಕಾಯಿಗೆ ಇಷ್ಟು ಎಂದು ಲೆಕ್ಕ. ಇಪ್ಪತ್ತರ ಹುಡುಗನ ಅಂಗೈ ನೋಡಿದರೆ ಐವತ್ತರ ಮುದುಕನದಿದ್ದ ಹಾಗಿದೆ.

ನಾನು ಕೊಟ್ಟ ಪುಸ್ತಕ ಒಳ್ಳೆಯದೇ. ಆದರೆ ನಾನು ಹೇಳಿದ ದಾರಿ ನನ್ನ ಮಗನಿಗೆ ಹೇಳಬೇಕಾದ ದಾರಿ. ಅವನ ಮನೆ, ಅವನ ಓದು, ಅವನಿಗೆ ಎಷ್ಟು ವರ್ಷ ಕಾಯಲು ಸಾಧ್ಯ ಎಂದು ನಾನು ಕೇಳಲೇ ಇಲ್ಲ.

ಬಡವರ ಮಕ್ಕಳು ಎಲ್ಲಿ ಜಾರುತ್ತಾರೆ?

ಬಡವರ ಮಕ್ಕಳಿಗೆ ಓದು ತಲೆಗೆ ಹತ್ತುವುದಿಲ್ಲ, ತಂದೆತಾಯಿಗೆ ಆಸಕ್ತಿ ಇಲ್ಲ ಎಂದು ನಾವು ಮಾತಾಡಿಕೊಳ್ಳುತ್ತೇವೆ. ಇದು ನಿಜವಲ್ಲ ಎಂದು ನನಗೆ ಈಗ ಗೊತ್ತಾಗಿದೆ. ಒಂದರಿಂದ ಎಂಟರವರೆಗೆ ಮಕ್ಕಳು ಹೇಗೋ ನಡೆಯುತ್ತಾರೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾನೂನು ಹದಿನಾಲ್ಕು ವರ್ಷದವರೆಗೆ ಕೈ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಯೂಟ ಇದೆ, ಪುಸ್ತಕ ಸಮವಸ್ತ್ರ ಇದೆ. ಮೇಷ್ಟ್ರು ಮನೆಗೆ ಬಂದು ಕರೆದುಕೊಂಡು ಹೋಗುತ್ತಾರೆ. ಜಾರುವುದು ಅದರ ಮೇಲೆ, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಾಲಿಡುವಾಗ. ಅದರಲ್ಲೂ ಹತ್ತನೇ ಕ್ಲಾಸಿನ ಫಲಿತಾಂಶ ಬಂದ ಮೇಲಿನ ಐದಾರು ವಾರಗಳಲ್ಲಿ. ಹಳೇ ಶಾಲೆ ಟಿ.ಸಿ. ಕೊಟ್ಟು ಕಳುಹಿಸಿರುತ್ತದೆ, ಹೊಸ ಶಾಲೆ ಯಾವುದೆಂದು ಗೊತ್ತಿರುವುದಿಲ್ಲ. ಅರ್ಜಿ ಎಲ್ಲಿ, ಕೊನೆಯ ದಿನ ಯಾವುದು, ಯಾವ ಕಾಗದ ಬೇಕು ಎಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ. ಅಷ್ಟರಲ್ಲಿ ಕೆಲಸಕ್ಕೆ ಕರೆಯುವವರು ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಇಲ್ಲಿ ಬಂದು ನಿಂತವಳು ನಾನೇ ಅಲ್ಲವೇ?

ನಮ್ಮ ಮಕ್ಕಳಿಗಾದರೆ ಚಿಕ್ಕಪ್ಪ ಇರುತ್ತಾರೆ, ಪರಿಚಯದ ಲೆಕ್ಚರರ್ ಇರುತ್ತಾರೆ. ಆ ಮನೆಗೆ ಯಾರಿದ್ದಾರೆ? ನಾವಿದ್ದೇವೆ. ನಾವು ಓದಿದ್ದು ಎಸ್ಸೆಸ್ಸೆಲ್ಸಿಯೇ ಇರಬಹುದು. ಒಂದು ಅರ್ಜಿ ಓದಲು, ನಾಲ್ಕು ಜನರನ್ನು ಕೇಳಲು ಅಷ್ಟು ಸಾಲದೇ?

ಮಾರನೇ ದಿನ ನಾನು ಆಕೆಯನ್ನು ಕೂರಿಸಿಕೊಂಡು ಹೇಳಿದೆ: "ನೋಡಮ್ಮ, ಆ ಬೆಂಗಳೂರಿನ ಮಾತು ನಾನು ಹಿಂದಕ್ಕೆ ತಗೊಂಡಿದ್ದೀನಿ. ಒಂದು ವಾರ ಟೈಮ್ ಕೊಡು. ಹುಡುಗಿ ಸ್ಕೂಲಿಗೆ ಹೋಗಿ ಕೇಳಿ ಬರೋಣ."

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ದೊಡ್ಡೋನ್ಗೂ ನೀವೇ ಹೇಳಿದ್ರಿ" ಎಂದಳು. ಕೋಪದಿಂದಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ನಾನು ತಲೆ ತಗ್ಗಿಸಿದೆ. "ಹೌದಮ್ಮ, ಅದು ನನ್ನ ತಪ್ಪು. ಅದಕ್ಕೇ ಈ ಸಲ ನಾನೇ ಹೇಳಲ್ಲ. ಗೊತ್ತಿರೋರನ್ನ ಕೇಳೋಣ" ಎಂದೆ.

ದಾರಿಗಳು ಎಷ್ಟಿವೆ!

ಹೈಸ್ಕೂಲಿನ ಗಣಿತದ ಮೇಡಂ ನಮ್ಮನ್ನು ಕೂರಿಸಿಕೊಂಡು ಒಂದು ಗಂಟೆ ವಿವರಿಸಿದರು. ಕೇಳುತ್ತಾ ಹೋದಂತೆ ನನಗೆ ಎಷ್ಟು ವಿಷಯ ಗೊತ್ತಿರಲಿಲ್ಲ ಎಂದು ನಾಚಿಕೆಯಾಯಿತು. ನಿಮಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲನೆಯದು ಐ.ಟಿ.ಐ., ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಮುಂತಾದವು ಎರಡು ವರ್ಷ. ವೆಲ್ಡರ್, ಕಂಪ್ಯೂಟರ್ ಆಪರೇಟರ್ ಮುಂತಾದವು ಒಂದೇ ವರ್ಷ. ಪುಸ್ತಕಕ್ಕಿಂತ ಕೈಕೆಲಸ ಹೆಚ್ಚು. ಮನೆಯಲ್ಲಿ ಬೇಗ ದುಡಿಯಲೇಬೇಕಾದ ಮಕ್ಕಳಿಗೆ ಇದು ಒಳ್ಳೆಯ ದಾರಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಎರಡನೆಯದು ಪಾಲಿಟೆಕ್ನಿಕ್‌ನ ಡಿಪ್ಲೊಮಾ. ಮೂರು ವರ್ಷ. ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ ಸೀಟು. ಇಲ್ಲಿ ಗಣಿತವೂ ಇಂಗ್ಲಿಷೂ ಸ್ವಲ್ಪ ಕಷ್ಟವೇ, ಆದರೆ ಪಾಸಾದರೆ ಒಂದು ಮೆಟ್ಟಿಲು ಮೇಲಿನ ಕೆಲಸ.

ಮೂರನೆಯದು ಜಿ.ಟಿ.ಟಿ.ಸಿ. ಎಂದು ಕರೆಯುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದದ್ದು ಈಗ ರಾಜ್ಯದ ಹಲವು ಊರುಗಳಲ್ಲಿದೆ. ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಉಪಕರಣ ಮಾಡುವ ವಿದ್ಯೆ ಕಲಿಸುತ್ತಾರೆ. ನಾಲ್ಕು ವರ್ಷದ ಡಿಪ್ಲೊಮಾ.

ನಾಲ್ಕನೆಯದು ಪ್ಯಾರಾಮೆಡಿಕಲ್. ಆಸ್ಪತ್ರೆಯ ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಕೆಲಸದ ಡಿಪ್ಲೊಮಾಗಳು. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ಆದವರಿಗೆ ಎರಡು. ನರ್ಸ್ ಆಗಬೇಕೆಂದರೆ ಮಾತ್ರ ಪಿಯುಸಿ ಮುಗಿಸಬೇಕು.

ಐದನೆಯದು ನಮಗೆಲ್ಲ ಗೊತ್ತಿರುವ ಪಿಯುಸಿ. ಮುಂದೆ ಓದಿಸುವ ಶಕ್ತಿ, ಐದಾರು ವರ್ಷ ಕಾಯುವ ಶಕ್ತಿ ಇದ್ದರೆ ಇದು ಸರಿ. ಅರ್ಧಕ್ಕೆ ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನನಗೆ ಬಹಳ ಸಮಾಧಾನ ತಂದ ಮಾತೊಂದನ್ನು ಮೇಡಂ ಹೇಳಿದರು. ಈ ದಾರಿಗಳು ಮುಚ್ಚಿದ ದಾರಿಗಳಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಡಿಪ್ಲೊಮಾ ಆದವರು ಡಿ.ಸಿ.ಇ.ಟಿ. ಎಂಬ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಅಂದರೆ ಫಿಟ್ಟರ್ ಕೆಲಸ ಕಲಿಯಲು ಹೋದ ಹುಡುಗ ಅಲ್ಲೇ ನಿಲ್ಲಬೇಕಾಗಿಲ್ಲ. ದುಡಿಯುತ್ತಾ ಮೇಲೆ ಹತ್ತಬಹುದು.

ಫೇಲಾದ ಮಕ್ಕಳ ತಾಯಂದಿರೂ ಎದೆಗುಂದಬೇಡಿ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಮುಂದಿನದರಲ್ಲಿ ಬರೆದು ಅದೇ ವರ್ಷ ಮುಂದಕ್ಕೆ ಹೋಗಬಹುದು.

ಹುಡುಗಿಯನ್ನೇ ಕೇಳಿದೆವು. ಅವಳು ನಾಚುತ್ತಾ, "ನಂಗೆ ಎಲೆಕ್ಟ್ರಿಕಲ್ ಡಿಪ್ಲೊಮಾ ಇಷ್ಟ ಆಂಟಿ" ಎಂದಳು. ಮನೆಯಲ್ಲಿ ಫ್ಯಾನ್ ಕೆಟ್ಟರೆ, ಸ್ವಿಚ್ ಹೋದರೆ ಅವಳೇ ನೋಡುತ್ತಾಳಂತೆ. ಅವರಪ್ಪ, "ಹೆಣ್ಣುಡ್ಗಿ ಲೈಟ್ ಕಂಬ ಹತ್ತೈತಾ?" ಎಂದು ನಕ್ಕ. ಇವಳು, "ಕಂಬ ಹತ್ತೋರ್ಗೆ ಕೆಲ್ಸ ಹೇಳೋಳಾಗ್ತೀನಿ ಬಿಡಪ್ಪ" ಎಂದಳು. ಆಗ ನಾನೂ ನಕ್ಕೆ.

ಲೆಕ್ಕ ಹಾಕಿ ನೋಡಿದೆವು

ನಗು ಒಂದು ಕಡೆ, ಹೊಟ್ಟೆಪಾಡು ಒಂದು ಕಡೆ. ಹನ್ನೆರಡು ಸಾವಿರ ಬರುವ ಜಾಗದಲ್ಲಿ ಮೂರು ವರ್ಷ ಏನೂ ಬರುವುದಿಲ್ಲ, ಮೇಲೆ ಖರ್ಚು. ಇದನ್ನು ಮರೆತು ಬರಿಯ ಉಪದೇಶ ಮಾಡಿದರೆ ಯಾವ ತಾಯಿ ಕೇಳುತ್ತಾಳೆ? ನಾವು ಗೃಹಿಣಿಯರು, ಲೆಕ್ಕ ನಮ್ಮ ಕೆಲಸ. ಕ್ಯಾಲೆಂಡರಿನ ಹಿಂದೆ ಬರೆಯುತ್ತಾ ಕೂತೆವು.

ಆಕೆಯ ಸಂಪಾದನೆ ಆರು ಸಾವಿರ. 2023ರಿಂದ ಬರುತ್ತಿರುವ ಗೃಹಲಕ್ಷ್ಮಿ ಹಣ ಎರಡು ಸಾವಿರ, ಅದೂ ಕೆಲವು ತಿಂಗಳು ತಡವಾಗಿ. ಗಂಡ ಕೊಬ್ಬರಿ ಮಂಡಿಯಲ್ಲಿ ಹಮಾಲಿ, ಬೆನ್ನು ನೋವಿನಿಂದ ವಾರಕ್ಕೆ ಮೂರು ದಿನವೂ ಮೂಟೆ ಹೊರಲಾರ. ಮಗನ ದುಡಿಮೆ ಸೀಸನ್ ಇದ್ದಾಗ ಉಂಟು, ಇಲ್ಲದಾಗ ಇಲ್ಲ.

ಖರ್ಚು? ಸರ್ಕಾರಿ ಪಾಲಿಟೆಕ್ನಿಕ್ ಇರುವುದು ಬಸ್ಸಿನಲ್ಲಿ ಒಂದು ಗಂಟೆ ದೂರದ ಊರಿನಲ್ಲಿ. ಮೊದಲಾಗಿದ್ದರೆ ಬಸ್ ಚಾರ್ಜೇ ದೊಡ್ಡ ಮಾತಾಗುತ್ತಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆಲ್ಲ ಪ್ರಯಾಣ ಉಚಿತವಲ್ಲವೇ? ಅದನ್ನು ನಾವು ಧರ್ಮಸ್ಥಳಕ್ಕೆ ಹೋಗಿ ಬರಲು ಉಪಯೋಗಿಸಿದ್ದೇವೆ. ಈ ಹುಡುಗಿಗೆ ಅದು ಕಾಲೇಜಿನ ಬಾಗಿಲು ತೆರೆಯಿತು. ಫೀಸು ಖಾಸಗಿ ಕಾಲೇಜಿಗೆ ಹೋಲಿಸಿದರೆ ಬಹಳ ಕಡಿಮೆ, ಅದರಲ್ಲೂ ವಿದ್ಯಾರ್ಥಿವೇತನ ಬಂದರೆ ಸ್ವಲ್ಪ ತುಂಬುತ್ತದೆ. ಕಣ್ಣಿಗೆ ಕಾಣದ ಖರ್ಚುಗಳೇ ಹೆಚ್ಚು. ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರ್, ಕ್ಯಾಲ್ಕುಲೇಟರ್, ವರ್ಕ್‌ಷಾಪಿಗೆ ಬೇರೆ ಬಟ್ಟೆ, ಬೂಟು, ಜೊತೆಗೆ ಒಂದು ಸಾಧಾರಣ ಸ್ಮಾರ್ಟ್ ಫೋನು. ಇವೆಲ್ಲ ಒಟ್ಟಿಗೇ ಮೊದಲ ತಿಂಗಳೇ ಬೇಕು. ವಿದ್ಯಾರ್ಥಿವೇತನ ಬರುವುದು ಎಷ್ಟೋ ತಿಂಗಳ ಮೇಲೆ. ಅನೇಕ ಮಕ್ಕಳು ಸೀಟು ಸಿಕ್ಕಿಯೂ ಓದು ಬಿಡುವುದು ಈ ಮೊದಲ ಎರಡು ಮೂರು ತಿಂಗಳಲ್ಲೇ ಎಂದು ಮೇಡಂ ಹೇಳಿದ್ದರು.

ನಾನು ಚೀಟಿಯ ಹಣದಿಂದ ನಾಲ್ಕು ಸಾವಿರ ಕೊಟ್ಟೆ. ದಾನವೆಂದು ಅಲ್ಲ. "ಸ್ಕಾಲರ್‌ಶಿಪ್ ಬಂದ ಮೇಲೆ ನಿಧಾನವಾಗಿ ಕೊಡು" ಎಂದೆ. ಹಾಗೆ ಹೇಳಿದ್ದೇ ಸರಿಯಾಯಿತು. ಆಕೆ ಸಂಕೋಚವಿಲ್ಲದೆ ತೆಗೆದುಕೊಂಡಳು.

ಕಾಗದ ಪತ್ರದ ಪರದಾಟ

ಹಣಕ್ಕಿಂತ ಹೆಚ್ಚು ನಮ್ಮನ್ನು ಅಲೆದಾಡಿಸಿದ್ದು ಕಾಗದಗಳು. ಮಾರ್ಕ್ಸ್ ಕಾರ್ಡಿನಲ್ಲಿ ಹುಡುಗಿಯ ಹೆಸರಿನ ಮುಂದೆ ತಂದೆಯ ಇನಿಷಿಯಲ್. ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಹುಡುಗಿಯರು! ಓ.ಟಿ.ಪಿ. ಬರಬೇಕಾದ ಫೋನ್ ನಂಬರು ಎರಡು ವರ್ಷದ ಹಿಂದೆ ಕಳೆದುಹೋದದ್ದು. ಬ್ಯಾಂಕ್ ಖಾತೆ ಇದೆ, ಆಧಾರ್ ಜೋಡಣೆಯಾಗಿಲ್ಲ. ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಗೆ ಮೂರು ಸಲ ಹೋದೆವು. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಆಕೆಯ ಮುಖ ನೋಡದೆಯೇ "ನಾಳೆ ಬಾ" ಎಂದರು. ನಾನು ಪಕ್ಕದಲ್ಲಿ ನಿಂತು "ನಾಳೆ ಎಷ್ಟು ಗಂಟೆಗೆ ಬರಬೇಕು ಸಾರ್?" ಎಂದು ಕೇಳಿದಾಗ ಅಂದೇ ಕೆಲಸವಾಯಿತು. ನಾನೇನು ಜಗಳವಾಡಲಿಲ್ಲ. ಓದು ಬರಹ ಬಲ್ಲ ಒಬ್ಬರು ಜೊತೆಗಿದ್ದರೆ ಎಷ್ಟು ವ್ಯತ್ಯಾಸ ನೋಡಿ!

ಆದ್ದರಿಂದ ಫಲಿತಾಂಶ ಬರುವ ಮೊದಲೇ, ಮಾರ್ಚ್ ಏಪ್ರಿಲ್‌ನಲ್ಲೇ ಇವನ್ನು ಸರಿಮಾಡಿ ಇಡಿಸಿ:

ಆಧಾರ್‌ನಲ್ಲಿರುವ ಹೆಸರು ಶಾಲೆಯ ದಾಖಲೆಗೆ ಹೊಂದುತ್ತದೆಯೇ ಎಂದು ನೋಡಿ. ಅದರ ಜೊತೆ ಸೇರಿಸಿದ ಫೋನ್ ನಂಬರು ಈಗಲೂ ಕೈಯಲ್ಲಿರಬೇಕು.

ಜಾತಿ ಮತ್ತು ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ ಮಾಡಿಸಿ. ಅದರ ಮೇಲಿರುವ ಆರ್.ಡಿ. ನಂಬರನ್ನು ಬೇರೆ ಬರೆದಿಟ್ಟುಕೊಳ್ಳಿ, ಎಲ್ಲ ಅರ್ಜಿಗೂ ಬೇಕು.

ಮಗುವಿನ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಅದಕ್ಕೆ ಆಧಾರ್ ಜೋಡಿಸಿರಲಿ. ವಿದ್ಯಾರ್ಥಿವೇತನ ನೇರವಾಗಿ ಅಲ್ಲಿಗೇ ಬರುತ್ತದೆ.

ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ವ್ಯಾಸಂಗ ಪ್ರಮಾಣ ಪತ್ರ ಬರೆಸಿ, ಬಿ.ಇ.ಓ. ಕಚೇರಿಯ ಸಹಿ ಹಾಕಿಸಿ. ಸರ್ಕಾರಿ ನೇಮಕಾತಿಯಲ್ಲೂ ಇದಕ್ಕೆ ಬೆಲೆಯಿದೆ.

ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್, ಹತ್ತು ಫೋಟೋ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿಸಿ. ಸೋರುವ ಮನೆಯಲ್ಲಿ ಕಾಗದ ಉಳಿಯುವುದಿಲ್ಲವೆಂದಾದರೆ ನಿಮ್ಮ ಬೀರುವಿನಲ್ಲೇ ಜಾಗ ಕೊಡಿ.

ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ಸರ್ಕಾರದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಹಾಕಬೇಕು. ಹಾಸ್ಟೆಲ್ ಬೇಕಾದರೆ ಸಮಾಜ ಕಲ್ಯಾಣ ಇಲಾಖೆಯಲ್ಲಿ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಚಿಕ್ಕ ಮಕ್ಕಳಿದ್ದರೆ ಇನ್ನೂ ಎರಡು ಮಾತು ನೆನಪಿಡಿ. ಮಗು ಐದನೇ ಕ್ಲಾಸಿನಲ್ಲಿದ್ದರೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಆರನೇ ಕ್ಲಾಸಿನ ಪ್ರವೇಶಕ್ಕೆ ಅರ್ಜಿ ಹಾಕಿಸಿ. ಸರ್ಕಾರಿ ಅಥವಾ ಅನುದಾನಿತ ಶಾಲೆಯ ಎಂಟನೇ ಕ್ಲಾಸಿನಲ್ಲಿದ್ದರೆ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಬರೆಸಿ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟದ ಮಕ್ಕಳು ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನನಗೆ ಇದು ತಿಳಿಯುವ ಹೊತ್ತಿಗೆ ನಮ್ಮ ಹುಡುಗಿ ಹತ್ತು ಮುಗಿಸಿದ್ದಳು. ನಿಮಗಾದರೂ ಮೊದಲೇ ತಿಳಿದಿರಲಿ.

ಈ ಕಾಲದ ವಾರಾನ್ನ

ನಮ್ಮ ಅಜ್ಜಿಯ ಕಾಲದಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಓದಲು ಪೇಟೆಗೆ ಬಂದ ಬಡ ಹುಡುಗ ವಾರದಲ್ಲಿ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದ. ಅಜ್ಜಿಯ ಮನೆಯಲ್ಲಿ ಗುರುವಾರ ಒಬ್ಬ ಹುಡುಗ ಬರುತ್ತಿದ್ದನಂತೆ. ಹಾಗೆ ಉಂಡು ಓದಿ ದೊಡ್ಡವರಾದವರು ಎಷ್ಟೋ ಜನ. ಆದರೆ ನಿಜ ಹೇಳಬೇಕೆಂದರೆ ಎಲೆ ಹಾಕುತ್ತಿದ್ದದ್ದು ಬಹುಮಟ್ಟಿಗೆ ತಮ್ಮ ತಮ್ಮ ಜಾತಿಯ ಹುಡುಗರಿಗೆ, ಅದೂ ಗಂಡು ಹುಡುಗರಿಗೆ. ಆ ಗೋಡೆ ಒಡೆದು ಎಲ್ಲರ ಮಕ್ಕಳಿಗೂ ಅನ್ನ ಅಕ್ಷರ ಎರಡನ್ನೂ ಕೊಟ್ಟವರೂ ನಮ್ಮಲ್ಲಿದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ನಮ್ಮ ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ತೀರಿಕೊಳ್ಳುವವರೆಗೂ ಸಾವಿರಾರು ಮಕ್ಕಳಿಗೆ ಜಾತಿ ನೋಡದೆ ಅನ್ನ ಹಾಕಿ ಓದಿಸಿದರು. ಮಂಗಳೂರಿನ ಹತ್ತಿರದ ಹರೇಕಳದ ಹಾಜಬ್ಬನವರು ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು, ಸ್ವತಃ ಶಾಲೆಗೆ ಹೋದವರಲ್ಲ. ತಮ್ಮೂರ ಮಕ್ಕಳಿಗಾಗಿ ಶಾಲೆ ತರಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ನಾವು ಅಷ್ಟು ದೊಡ್ಡ ಕೆಲಸ ಮಾಡಲಾರೆವು. ಈಗ ಮಕ್ಕಳಿಗೆ ಬೇಕಾಗಿರುವುದು ಅನ್ನಕ್ಕಿಂತ ಹೆಚ್ಚಾಗಿ ಜೊತೆಗೆ ಬರುವವರು. ವಾರಕ್ಕೆ ಒಂದು ಮಧ್ಯಾಹ್ನ ಒಂದು ಮಗುವಿಗಾಗಿ ಅರ್ಜಿ ಓದಿ ಹೇಳುವುದು, ಕೊನೆಯ ದಿನ ನೆನಪಿಸುವುದು, ಕಚೇರಿಗೆ ಜೊತೆಯಾಗಿ ಹೋಗುವುದು. ಇದೇ ಈ ಕಾಲದ ವಾರಾನ್ನ ಎಂದು ನನಗನ್ನಿಸುತ್ತದೆ. ಜಾತಿ ಕೇಳಬೇಕಾಗಿಲ್ಲ, ಗಂಡು ಹೆಣ್ಣು ನೋಡಬೇಕಾಗಿಲ್ಲ.

ಓದಿದರೆ ಕೆಲಸ ಸಿಕ್ಕೇ ಸಿಗುತ್ತದೆಯೇ?

ಈ ಪ್ರಶ್ನೆಯನ್ನು ಆಕೆ ನನಗೆ ಕೇಳಿದಳು. "ಓದಿದೋರು ಎಷ್ಟ್ ಜನ ಸುಮ್ಕೆ ಕುಂತವ್ರೆ ಅಕ್ಕಾ" ಎಂದಳು. ಅದೂ ನಿಜವೇ. ಹೆಚ್ಚು ಓದಿದವರಲ್ಲೇ ನಿರುದ್ಯೋಗ ಹೆಚ್ಚು ಎಂದು ಸರ್ಕಾರದ ಸಮೀಕ್ಷೆಗಳೇ ಹೇಳುತ್ತವೆ. ಓದದ ಬಡವ ಸಿಕ್ಕಿದ ಕೂಲಿಗೆ ಹೋಗಲೇಬೇಕು, ಕಾಯಲಾರ. ಓದಿದವನು ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಆದ್ದರಿಂದ ನಾನು ಆಕೆಗೆ ಸುಳ್ಳು ಆಸೆ ಹುಟ್ಟಿಸಲಿಲ್ಲ. ಡಿಪ್ಲೊಮಾ ಆದ ಕೂಡಲೇ ಕುರ್ಚಿ ಹಾಕಿ ಕರೆಯುವವರಿಲ್ಲ. ಮೊದಲು ಒಂದು ವರ್ಷ ಅಪ್ರೆಂಟಿಸ್ ಆಗಿ ಕಡಿಮೆ ಹಣಕ್ಕೆ ಕಲಿಯಬೇಕಾಗಬಹುದು. 1961ರ ಅಪ್ರೆಂಟಿಸ್ ಕಾಯಿದೆಯಂತೆ ಸೇರಿದವರಿಗೆ ಸ್ಟೈಪೆಂಡ್ ಕೊಡಲೇಬೇಕು ಎಂಬುದು ನೆನಪಿರಲಿ. ಸರ್ಕಾರದ ಯುವನಿಧಿಯಲ್ಲಿ ಕೆಲಸ ಸಿಗದ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ ಇದೆ, ಪಾಸಾಗಿ ಆರು ತಿಂಗಳ ಮೇಲೆ, ಹೆಚ್ಚೆಂದರೆ ಎರಡು ವರ್ಷ. ಅದು ಅರ್ಜಿ ಹಾಕುವ ಖರ್ಚಿಗಾದೀತು, ಸಂಬಳವಲ್ಲ.

ಇನ್ನೊಂದು ಎಚ್ಚರಿಕೆ. "ಇಷ್ಟು ಕೊಡಿ, ಸರ್ಕಾರಿ ಕೆಲಸ ಕೊಡಿಸುತ್ತೇವೆ" ಎಂದು ಮನೆಗೆ ಬರುವವರಿಗೆ ಒಂದು ಲೋಟ ನೀರು ಕೊಟ್ಟು ಕಳುಹಿಸಿ, ಹಣ ಕೊಡಬೇಡಿ. ಓಲೆ ಮಾರಿ ಮೋಸ ಹೋದವರನ್ನು ನಾನು ಕಂಡಿದ್ದೇನೆ.

ಹಾಗಾದರೆ ಓದಿಸುವುದೇಕೆ? ಮಗು ನೋಡಿಕೊಳ್ಳುವ ಹುಡುಗಿಗೆ ಇಂದು ಹನ್ನೆರಡು ಸಾವಿರ. ಆ ಮಗು ಶಾಲೆಗೆ ಹೋಗುವಷ್ಟಾದಾಗ ಅವಳ ಕೆಲಸ ಮುಗಿಯಿತು. ಇಪ್ಪತ್ತು ವರ್ಷದ ಅವಳ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ, ಮದುವೆ ಮಾಡಿ ಮುಗಿಸುತ್ತಾರೆ. ಡಿಪ್ಲೊಮಾ ಆದವಳಿಗೆ ಕೆಲಸ ತಡವಾಗಬಹುದು, ಆದರೆ ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ ಕೇಳುವ ಹಕ್ಕಿರುತ್ತದೆ. ಆ ಹಕ್ಕು ನನಗಿರಲಿಲ್ಲ. ಅವಳ ತಾಯಿಗಂತೂ ಇಲ್ಲವೇ ಇಲ್ಲ.

ಈಗ ಹೇಗಿದ್ದಾಳೆ?

ಸೀಟು ಸಿಕ್ಕಿತು. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗುತ್ತಾಳೆ, ಸಂಜೆ ಆರರ ಮೇಲೆ ಬರುತ್ತಾಳೆ. ಹಾಸ್ಟೆಲ್ ಇನ್ನೂ ಸಿಕ್ಕಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಒಂದು ಉಳಿದುಕೊಂಡಿದೆ. ಆ ಸುದ್ದಿ ಬಂದ ದಿನ ಆಕೆ ಅಳುತ್ತಾ ಬಂದು, "ದೊಡ್ಡೋನಂಗೇ ಆಯ್ತಲ್ಲಕ್ಕ" ಎಂದಳು. ನನಗೂ ಎದೆ ಧಸಕ್ಕೆಂದಿತು. ಆದರೆ ಈ ಸಲ ನಮಗೆ ಏನು ಮಾಡಬೇಕೆಂದು ಗೊತ್ತಿತ್ತು. ಹೈಸ್ಕೂಲಿನ ಮೇಡಂ ಭಾನುವಾರ ಒಂದು ಗಂಟೆ ಹೇಳಿಕೊಡುತ್ತಿದ್ದಾರೆ. ನಮ್ಮ ಮನೆಯ ನಡುಮನೆಯಲ್ಲೇ ಪಾಠ. ಪರೀಕ್ಷೆ ಮತ್ತೆ ಕಟ್ಟಿದ್ದಾಳೆ.

ನನ್ನ ನಾದಿನಿಯ ಮಗಳು ಎರಡು ತಿಂಗಳು ಮಾತು ಬಿಟ್ಟಿದ್ದಳು. ಆಮೇಲೆ ವಯಸ್ಸಾದ ಒಬ್ಬಾಕೆ ಸಿಕ್ಕಿದರಂತೆ, ಮಗುವನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರಂತೆ.

ಒಂದು ಸಂಗತಿ ನಾನು ಮೊದಲು ಹೇಳಲಿಲ್ಲ. ಆ ಮಿನಿ ಡ್ರಾಫ್ಟರ್ ಮತ್ತು ಬೋರ್ಡನ್ನು ಕೊಂಡುಕೊಟ್ಟದ್ದು ನಾನಲ್ಲ, ಅವಳ ಅಣ್ಣ. ಕಾಯಿ ಸುಲಿದ ಹಣದಲ್ಲಿ ತುಮಕೂರಿಗೆ ಹೋಗಿ ತಂದ. ನಾಲ್ಕು ವರ್ಷದ ಮೇಲೆ ಮೊದಲ ಸಲ ನಮ್ಮ ಮನೆ ಬಾಗಿಲಿಗೆ ಬಂದು, "ಆಂಟಿ, ಇದೇನಾ ನೋಡಿ" ಎಂದು ತೋರಿಸಿದ. ಒಳಗೆ ಕರೆದು ಕಾಫಿ ಕೊಟ್ಟೆ. "ನೀನೂ ಐ.ಟಿ.ಐ.ಗೆ ಅರ್ಜಿ ಹಾಕು ಮಗು, ವಯಸ್ಸೇನೂ ಮೀರಿಲ್ಲ" ಎಂದೆ. ಅವನು ಏನೂ ಹೇಳಲಿಲ್ಲ. ಆದರೆ ಮೊನ್ನೆ ಅವನ ತಾಯಿ ಪ್ಲಾಸ್ಟಿಕ್ ಚೀಲವೊಂದನ್ನು ತಂದು, "ಇದೂ ನಿಮ್ ಬೀರೂನಾಗೇ ಇರ್ಲಿ ಅಕ್ಕಾ" ಎಂದಳು. ಬಿಚ್ಚಿ ನೋಡಿದರೆ ಅವನ 2021ರ ಮಾರ್ಕ್ಸ್ ಕಾರ್ಡು.

ಸೋದರಿಯರೇ, ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುವಾಕೆಗೆ ಕಾಫಿ ಕೊಡುವಾಗ ಒಂದು ಮಾತು ಕೇಳಿ. "ಮಕ್ಕಳು ಯಾವ ಕ್ಲಾಸಮ್ಮ?" ಐದೋ, ಎಂಟೋ, ಹತ್ತೋ ಎಂದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅವರ ಅರ್ಜಿಯ ಕೊನೆಯ ದಿನವನ್ನು ನಿಮ್ಮ ಮನೆಯ ಹಬ್ಬದಷ್ಟೇ ನೆನಪಿಟ್ಟುಕೊಳ್ಳಿ. ಅಷ್ಟು ಮಾಡಿದರೆ ಸಾಕು.